ಗೇಟಿನ ಹಲಗೆಯ ಮೇಲಿನ ಊರುಗಳು

ನಮ್ಮ ಬಡಾವಣೆಗೆ ಹೆಸರಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಮನೆಗಳಿವೆ, ಚರಂಡಿ ಇದೆ, ಪುಟ್ಟದೊಂದು ಪಾರ್ಕ್ ಇದೆ, ಹುಲ್ಲಿನ ಮೇಲೆ ಕೂರಬಾರದು ಎಂಬ ಫಲಕ ಇದೆ. ಹುಲ್ಲು ಇನ್ನೂ ಬಂದಿಲ್ಲ, ಆದರೂ ಫಲಕ ಇದೆ. ಹೆಸರು ಮಾತ್ರ ಇಲ್ಲ. ಬೋಗಾದಿಯಿಂದ ಆಚೆ ರಾಗಿ ಹೊಲವಿದ್ದ ಜಾಗವನ್ನು ಸೈಟು ಮಾಡಿ ಮಾರಿದ ಮಹಾನುಭಾವ, ಬಾಗಿಲಲ್ಲಿ ಎರಡು ದಪ್ಪ ಕಂಬ ನಿಲ್ಲಿಸಿದ. ಹೆಸರು ಬರೆಸಬೇಕಿದ್ದ ಕಮಾನನ್ನು ಕಟ್ಟುವ ಮೊದಲೇ ಫೋನ್ ಎತ್ತುವುದನ್ನು ಬಿಟ್ಟ. ನಮ್ಮ ಕಾಗದಪತ್ರಗಳಲ್ಲಿ ಸರ್ವೆ ನಂಬರ್ ಇದೆ. ಸರ್ವೆ ನಂಬರ್ ಹೇಳಿದರೆ ಆಟೋದವರು ಬರುವುದಿಲ್ಲ.

ನಿವಾಸಿಗಳ ಸಂಘದ ಪ್ರತಿ ವಾರ್ಷಿಕ ಸಭೆಯಲ್ಲೂ ‘ಬಡಾವಣೆಗೆ ನಾಮಕರಣ’ ಎಂಬ ವಿಷಯ ಬರುತ್ತದೆ. ಒಂದು ಗುಂಪಿಗೆ ದೇವರ ಹೆಸರು ಬೇಕು. ಇನ್ನೊಂದು ಗುಂಪಿಗೆ ತಮ್ಮ ಮಠದ ಹಿರಿಯ ಸ್ವಾಮಿಗಳ ಹೆಸರು ಬೇಕು. ಮೂರನೆಯ ಗುಂಪು ಹೂವಿನ ಹೆಸರೇ ಆಗಬೇಕೆಂದು ಹಟ ಹಿಡಿದಿದೆ, ಆದರೆ ಯಾವ ಹೂವು ಎಂಬುದರಲ್ಲಿ ಆ ಗುಂಪೇ ಎರಡು ಹೋಳು. ಉಪ್ಪಿಟ್ಟು, ಕೇಸರಿಬಾತು ಮುಗಿದ ಮೇಲೆ ವಿಷಯವನ್ನು ಮುಂದಿನ ವರ್ಷಕ್ಕೆ ತಳ್ಳುತ್ತಾರೆ. ಎಂಟು ವರ್ಷದಿಂದ ಹೀಗೇ ನಡೆದಿತ್ತು.

ಎಡಗಡೆಯ ಕಂಬಕ್ಕೆ ಮಾತ್ರ ಒಂದು ಕರಿಹಲಗೆ ತಗುಲಿಹಾಕಿದ್ದರು. ಮೈಸೂರಿನಲ್ಲಿ ಖಾಲಿ ಹಲಗೆ ಕಂಡರೆ ಅದರ ಮೇಲೊಂದು ನುಡಿಮುತ್ತು ಬರೆಯದೆ ಬಿಡುವವರು ಯಾರಿದ್ದಾರೆ? ಹಾಲಿನ ಬೂತಿನಲ್ಲಿ ಬರೆಯುತ್ತಾರೆ, ದಂತವೈದ್ಯರ ಶಾಪಿನಲ್ಲಿ ಬರೆಯುತ್ತಾರೆ, ಪಂಕ್ಚರ್ ಹಾಕುವಲ್ಲೂ ಬರೆಯುತ್ತಾರೆ. ನಮ್ಮ ಹಲಗೆಯ ಕೆಲಸ ನನ್ನ ತಲೆಗೆ ಬಂತು. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟವಳು ನಾನು. ನನ್ನ ಅಕ್ಷರ ದುಂಡಗಿದೆ, ಸೀಮೆಸುಣ್ಣ ಮುರಿಯುವುದಿಲ್ಲ. ನಿವೃತ್ತಿಯಾದರೂ ಇಡೀ ಬಡಾವಣೆಗೆ ನಾನು ‘ಮಿಸ್’. ಅಧ್ಯಕ್ಷರೂ ಹಾಗೇ ಕರೆಯುತ್ತಾರೆ, ಅವರು ನನಗಿಂತ ಆರು ವರ್ಷ ದೊಡ್ಡವರು.

ಒಂದು ತಿಂಗಳು ಬರೆದೆ. ತಾಳ್ಮೆಯೇ ತಪಸ್ಸು, ನಗುವೇ ಔಷಧ, ಇಂಥವು. ಬರೆಯುತ್ತಾ ಬರೆಯುತ್ತಾ ನನ್ನ ತಾಳ್ಮೆಯೇ ಕೆಟ್ಟುಹೋಯಿತು. ನನಗೆ ಸಿಟ್ಟು ಬೇಗ ಬರುತ್ತದೆ, ಅದನ್ನು ಮುಚ್ಚಿಡುವುದೂ ಗೊತ್ತಿಲ್ಲ. ಒಂದು ಸೋಮವಾರ ನುಡಿಮುತ್ತನ್ನೆಲ್ಲ ಒರೆಸಿ ಹಾಕಿ, ಅಷ್ಟಗಲದ ಅಕ್ಷರದಲ್ಲಿ ‘ಕೋತಿಯ ಹುಬ್ಬು’ ಎಂದು ಬರೆದೆ. ಅದರ ಕೆಳಗೆ ಚಿಕ್ಕದಾಗಿ ‘ಅಮೆರಿಕದ ಕೆಂಟಕಿ ರಾಜ್ಯದ ಒಂದು ಊರು’ ಎಂದು ಸೇರಿಸಿದೆ. ನಮ್ಮನೆಯವರು ವಾಕಿಂಗ್ ಮುಗಿಸಿ ಬಂದವರು ಹಲಗೆಯನ್ನೂ ನನ್ನನ್ನೂ ನೋಡಿ, “ಡಾಕ್ಟ್ರಿಗೆ ತೋರಿಸೋಣ್ವಾ?” ಎಂದು ಕೇಳಿದರು.

ವಿಚಿತ್ರ ಊರ ಹೆಸರುಗಳು ನನ್ನ ಹಳೆಯ ಹುಚ್ಚು. ಪಾಠದ ಪುಸ್ತಕದಲ್ಲಿ ನದಿ, ಪರ್ವತ, ಖನಿಜ ಎಂದು ಮಕ್ಕಳು ತೂಕಡಿಸುವಾಗ, ನಾರ್ವೆಯಲ್ಲಿ ನರಕ ಎಂಬ ಊರಿದೆ, ಅಲ್ಲಿ ರೈಲು ನಿಲ್ಲುತ್ತದೆ, ಚಳಿಗಾಲದಲ್ಲಿ ನರಕ ಹೆಪ್ಪುಗಟ್ಟುತ್ತದೆ ಎಂದರೆ ಕೊನೆಯ ಬೆಂಚೂ ಎದ್ದು ಕೂರುತ್ತಿತ್ತು. ಅದೇ ದೇಶದಲ್ಲಿ ಒಂದೇ ಅಕ್ಷರದ ಊರೂ ಇದೆ, ಫ್ರಾನ್ಸಿನಲ್ಲಿ ಅದಕ್ಕೊಂದು ಜೋಡಿ ಇದೆ. ಸ್ಕಾಟ್‌ಲೆಂಡಿನ ‘ಮಂಕು’ ಎಂಬ ಹಳ್ಳಿ ಅಮೆರಿಕದ ‘ಬೇಸರ’ ಎಂಬ ಊರಿನೊಂದಿಗೆ ನೆಂಟಸ್ತನ ಮಾಡಿಕೊಂಡಿದೆ. ಹೆಸರುಗಳನ್ನೆಲ್ಲ ನಾನು ಕನ್ನಡಕ್ಕೆ ತಿರುಗಿಸಿಯೇ ಬರೆಯುತ್ತಿದ್ದೆ. ಇಂಗ್ಲಿಷಿನಲ್ಲಿ ಬರೆದರೆ ನಮ್ಮ ಜನ ಗೌರವ ಕೊಟ್ಟು ಮುಂದೆ ಹೋಗಿಬಿಡುತ್ತಾರೆ, ನಗುವುದಿಲ್ಲ. ವೇಲ್ಸ್ ದೇಶದ, ಇಂಗ್ಲಿಷ್ ಲಿಪಿಯಲ್ಲಿ ಐವತ್ತೆಂಟು ಅಕ್ಷರವಾಗುವ ಊರ ಹೆಸರನ್ನು ಬರೆದ ದಿನ ಮಾತ್ರ ಹಲಗೆ ಸಾಲದೆ ಉಳಿದ ಅಕ್ಷರಗಳನ್ನು ಕಂಬದ ಮೇಲೆ ಬರೆಯಬೇಕಾಯಿತು.

ಈಗ ಗೇಟಿನಾಕೆಯ ವಿಷಯ ಹೇಳಬೇಕು. ಹಲಗೆಯ ಕೆಳಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ, ಸೀರೆಯ ಮೇಲೆ ನೀಲಿ ಯೂನಿಫಾರ್ಮ್ ಶರ್ಟು ತೊಟ್ಟ ನಲವತ್ತೈದರ ಹೆಂಗಸೊಬ್ಬಳು ಹಗಲಿನ ಸೆಕ್ಯುರಿಟಿ ಕೆಲಸಕ್ಕೆ ಹೊಸದಾಗಿ ಬಂದಿದ್ದಳು. ಮೂರು ತಿಂಗಳು ನೋಡೋಣ, ಸರಿಹೋದರೆ ಖಾಯಂ ಎಂದು ಸಂಘದವರು ಹೇಳಿದ್ದರು. ಖಾಯಂ ಆದರೆ ಪಂಪ್‌ಹೌಸಿನ ಹಿಂದಿನ ಕೋಣೆ ಅವಳಿಗೆ ಸಿಗುತ್ತಿತ್ತು. ಅವಳಿಗೆ ಬೇಕಾಗಿದ್ದದ್ದೇ ಆ ಕೋಣೆ. ನರ್ಸಿಂಗ್ ಓದುವ ಮಗಳು ಒಂದು ಹಾಸ್ಟೆಲಿನಲ್ಲಿ, ಇವಳು ಬೋಗಾದಿಯಲ್ಲಿ ಇನ್ನಿಬ್ಬರು ಕೂಲಿ ಹೆಂಗಸರ ಜೊತೆ ಒಂದೇ ಕೊಠಡಿಯಲ್ಲಿ. ಅಮ್ಮ ಮಗಳು ಒಂದೇ ಸೂರಿನಡಿ ಮಲಗಿ ಎರಡು ವರ್ಷ ಆಗಿತ್ತು. ಖಾಯಂ ಆಗಲು ಆಧಾರ್ ಕಾರ್ಡಿನ ಜೆರಾಕ್ಸ್ ಕೊಡಬೇಕಿತ್ತು. ಅದನ್ನು ಕೇಳಿದಾಗೆಲ್ಲ ಅವಳು, “ಮರ್ತ್ಬುಟ್ಟೆ ಸಾರ್, ನಾಳೆ ತರ್ತೀನಿ” ಎನ್ನುತ್ತಿದ್ದಳು. ಎರಡು ತಿಂಗಳಿಂದ ಮರೆಯುತ್ತಲೇ ಇದ್ದಳು.

ಕೆಲಸದಲ್ಲಿ ಮಾತ್ರ ಏನನ್ನೂ ಮರೆಯುತ್ತಿರಲಿಲ್ಲ. ಯಾವ ಮನೆಯ ನಾಯಿ ಯಾರನ್ನು ಕಚ್ಚುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು.

ನಾನು ಗಮನಿಸದೇ ಹೋದ ವಿಷಯ ಏನೆಂದರೆ, ಎರಡು ಕಂಬ ಇರುವ ಕಡೆ ದೊಡ್ಡ ಅಕ್ಷರದಲ್ಲಿ ಏನನ್ನಾದರೂ ಬರೆದಿದ್ದರೆ ಅಪರಿಚಿತರು ಅದನ್ನು ಬಡಾವಣೆಯ ಹೆಸರೆಂದೇ ಓದುತ್ತಾರೆ. ಕೆಳಗಿನ ಚಿಕ್ಕ ಸಾಲನ್ನು ಓದುವಷ್ಟು ಪುರಸೊತ್ತು ಊಟ ತಲುಪಿಸುವವರಿಗೆ ಎಲ್ಲಿಂದ ಬರಬೇಕು? “ಮೇಡಂ, ಕೋತಿಯ ಹುಬ್ಬಿನ ಗೇಟಲ್ಲಿ ನಿಂತಿದೀನಿ, ಲೆಫ್ಟಾ ರೈಟಾ?” ಎಂದು ಮೊದಲ ಫೋನ್ ಬಂದಾಗ ಎದುರುಮನೆಯಾಕೆ ಯಾರೋ ತುಂಟರೆಂದು ಬೈದು ಇಟ್ಟಳಂತೆ. ಅವಳ ಮಸಾಲೆದೋಸೆ ವಾಪಸ್ ಹೋಯಿತು. ಮರುದಿನ ನಾವು ‘ಜಿಪುಣ’ ಆಗಿದ್ದೆವು, ಅದರ ಮರುದಿನ ‘ನಿರುಪಯೋಗಿ ತಿರುವು’. ಅದು ಆಸ್ಟ್ರೇಲಿಯಾದಲ್ಲಿದೆ, ಆದರೆ ನಮ್ಮ ಗೇಟಿನ ತಿರುವೂ ಅಂಥದ್ದೇ ಆದ್ದರಿಂದ ಯಾರೂ ಅನುಮಾನಪಡಲಿಲ್ಲ.

ಇಂಗ್ಲೆಂಡಿನ ‘ಜಾಗವಿಲ್ಲ’ ಎಂಬ ಹಳ್ಳಿಯ ಹೆಸರು ಬರೆದ ದಿನ ಬಾಡಿಗೆ ಕೋಣೆ ಹುಡುಕುತ್ತಿದ್ದ ವಿದ್ಯಾರ್ಥಿಗಳೆಲ್ಲ ಗೇಟಿನಿಂದಲೇ ಹಿಂತಿರುಗಿದರು. ಮೂರನೇ ಕ್ರಾಸಿನಲ್ಲಿ ಪಿ.ಜಿ. ನಡೆಸುವವರು ನನ್ನ ಜೊತೆ ಮಾತು ಬಿಟ್ಟರು. ಅಮೆರಿಕದಲ್ಲಿ ‘ಅಪಘಾತ’ ಎಂಬ ಊರಿದೆ. ಅದನ್ನು ಬರೆದ ಬೆಳಿಗ್ಗೆ ಎಂಟು ಗಂಟೆಗೆ ಗೇಟಿನಲ್ಲಿ ಇಪ್ಪತ್ತು ಸ್ಕೂಟರ್ ನಿಂತಿದ್ದವು. “ಎಲ್ಲಾಯ್ತು, ಎಷ್ಟು ಜನಕ್ಕಾಯ್ತು?” ಎಂದು ಕೇಳುವವರೇ ಎಲ್ಲ. ನಿಜವಾಗಿ ಏನೂ ಆಗಿಲ್ಲವೆಂದು ತಿಳಿದಾಗ ಕೆಲವರು ಬೇಸರಪಟ್ಟುಕೊಂಡೇ ಹೋದರು. ಆ ಗುಂಪನ್ನು ಕರಗಿಸಿದ್ದು ಗೇಟಿನಾಕೆ. “ಅಮೆರಿಕದಲ್ಲಿ ಕಣ್ರೀ, ಇಲ್ಲಲ್ಲ. ನಡೀರಿ, ಹಾಲಿನ್ ಗಾಡಿಗ್ ದಾರಿ ಬುಡಿ” ಎಂದು ಕೋಲು ನೆಲಕ್ಕೆ ಕುಟ್ಟುತ್ತಿದ್ದಳು.

ದಿನಾ ಬೆಳಿಗ್ಗೆ ನಾನು ಸೀಮೆಸುಣ್ಣ ಹಿಡಿದು ಬಂದರೆ ಅವಳು ಎದ್ದು ನಿಂತು, “ಇವತ್ ನಾವ್ ಯಾವೂರು ಮಿಸ್?” ಎಂದು ಕೇಳುತ್ತಿದ್ದಳು. ಹೇಳಿದ್ದನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ಸಂಜೆಯವರೆಗೂ ಬಂದವರಿಗೆಲ್ಲ ಆ ಊರಿನ ವಿವರ ಕೊಡುವುದು, ಇದು ಆ ಊರಲ್ಲ ಎನ್ನುವುದು, ದಾರಿ ತೋರಿಸುವುದು ಅವಳ ಪಾಲಿಗೆ ಬಂದಿತ್ತು. ನನಗೆ ಶಿಷ್ಯೆಯೊಬ್ಬಳು ಸಿಕ್ಕಿದ್ದಳು. ಅವಳ ಊರು ಯಾವುದು ಎಂದು ನಾನು ಒಮ್ಮೆ ಕೇಳಿದ್ದೆ. “ಅದೇ ಮಿಸ್, ನಂಜನಗೂಡ್ ದಾಟುದ್ರೆ ಆ ಕಡೆ” ಎಂದು ಕೈ ಬೀಸಿದ್ದಳು. ಲೋಕದ ಊರೆಲ್ಲ ಬಲ್ಲ ನನಗೆ ಆ ಕೈಬೀಸು ಅರ್ಥವಾಗಲಿಲ್ಲ.

ಅಧ್ಯಕ್ಷರಿಗೆ ಹಲಗೆ ಇಷ್ಟವಿರಲಿಲ್ಲ. ಬ್ಯಾಂಕಿನಲ್ಲಿ ಅಧಿಕಾರಿಯಾಗಿ ನಿವೃತ್ತರಾದವರು, ಯಾವ ಕಾಗದವನ್ನೂ ಎರಡು ಸಲ ಓದದೆ ಸಹಿ ಮಾಡಿದವರಲ್ಲ. “ಮಿಸ್, ನುಡಿಮುತ್ತೇ ಚೆನ್ನಾಗಿತ್ತಲ್ವಾ? ಯಾರಿಗೂ ತೊಂದರೆ ಇರ್ಲಿಲ್ಲ” ಎಂದು ವಿನಯದಿಂದ ಹೇಳುತ್ತಿದ್ದರು. ಯಾರೂ ಓದುತ್ತಲೂ ಇರಲಿಲ್ಲ ಎಂದು ನಾನು ವಿನಯವಿಲ್ಲದೆ ಹೇಳುತ್ತಿದ್ದೆ. ಈಗ ಮನೆಮನೆಯಲ್ಲೂ ಅದೇ ಮಾತು. ಮದುವೆಯೊಂದರ ಆಮಂತ್ರಣದಲ್ಲಿ ನಮ್ಮ ವಿಳಾಸ ‘ಮಂಕು ಬಡಾವಣೆ’ ಎಂದು ಅಚ್ಚಾಗಿ ಬಂತು, ಯಾರೋ ನೆಂಟರು ಗೇಟಿನಲ್ಲಿ ನೋಡಿ ಬರೆಸಿದ್ದಂತೆ. ಜನ ಬೈದರು, ಬೈದವರೇ ಮರುದಿನ ಹಲಗೆ ನೋಡಲು ಒಂದು ಸುತ್ತು ಜಾಸ್ತಿ ನಡೆದರು.

ನಮ್ಮ ಗೇಟಿನಲ್ಲಿ ಸಂದರ್ಶಕರ ರಿಜಿಸ್ಟರ್ ಇದೆ. ಹೆಸರು, ಎಲ್ಲಿಂದ, ಯಾರ ಮನೆಗೆ, ಹೀಗೆ ಕಾಲಂಗಳು. ಊರ ಹೆಸರಿನ ಆಸೆಗೆ ನಾನು ಆ ‘ಎಲ್ಲಿಂದ’ ಎಂಬ ಕಾಲಮ್ಮನ್ನು ದಿನಾ ಓದುತ್ತಿದ್ದೆ. ಉಳಿದ ಕಾಲಂಗಳನ್ನು ನಾನು ಎಂದೂ ನೋಡಿದವಳಲ್ಲ, ಅದು ಶಿಸ್ತು ಎಂದು ಅಂದುಕೊಂಡಿದ್ದೆ. ಸಾಮಾನ್ಯವಾಗಿ ಮೇಟಗಳ್ಳಿ, ಮಂಡಕಳ್ಳಿ, ಒಂಟಿಕೊಪ್ಪಲು, ಇಷ್ಟೇ. ಅವತ್ತು ಪುಟದ ಕೊನೆಯಲ್ಲಿ ಸೊಟ್ಟ ಅಕ್ಷರದಲ್ಲಿ ‘ಕಳ್ಳರಕೊಪ್ಪಲು’ ಎಂದಿತ್ತು. ಓದುವವರಿಗೆ ಹೇಳಿಬಿಡುತ್ತೇನೆ, ಹೆಸರನ್ನು ಇಲ್ಲಿ ಕೊಂಚ ಬದಲಾಯಿಸಿದ್ದೇನೆ. ಅಸಲಿ ಹೆಸರು ಇದಕ್ಕಿಂತ ಒಳ್ಳೆಯದೇನಲ್ಲ.

ನಾನು ಜೋರಾಗಿ ನಕ್ಕೆ. ಗೇಟಿನಾಕೆ ನೀರು ಹಿಡಿಯಲು ಹೋಗಿದ್ದಳು, ಅಲ್ಲಿ ಯಾರೂ ಇರಲಿಲ್ಲ. ಕೆಂಟಕಿ, ನಾರ್ವೆ ಎಂದು ನಾನು ಸುತ್ತುತ್ತಿದ್ದರೆ ಕಾಲ ಬುಡದಲ್ಲೇ ಇಂಥದ್ದೊಂದು ರತ್ನ! ಮರುದಿನ ಬೆಳಿಗ್ಗೆ ಏಳಕ್ಕೆ ಹೋಗಿ ಹಲಗೆ ತುಂಬ ‘ಕಳ್ಳರಕೊಪ್ಪಲು’ ಎಂದು ಬರೆದೆ. ಕೆಳಗೆ ‘ನಮ್ಮದೇ ಜಿಲ್ಲೆ! ಯಾರೂ ಅಷ್ಟು ದೂರ ಹೋಗಬೇಕಿಲ್ಲ’ ಎಂದು ಸೇರಿಸಿ, ಆಶ್ಚರ್ಯಸೂಚಕಕ್ಕೆ ಬಣ್ಣದ ಸೀಮೆಸುಣ್ಣ ಹಾಕಿದೆ. ಅವಳಿನ್ನೂ ಡ್ಯೂಟಿಗೆ ಬಂದಿರಲಿಲ್ಲ. ಮನೆಗೆ ಬಂದು ಎರಡು ದೋಸೆ ಜಾಸ್ತಿ ತಿಂದೆ.

ಹತ್ತು ಗಂಟೆಗೆ ಅಧ್ಯಕ್ಷರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಮುಖ ಕೆಂಪಾಗಿತ್ತು. “ಮಿಸ್, ಇದು ಅತಿಯಾಯ್ತು. ನನ್ನ ಬೀಗರು ಗೇಟಿಂದ ಫೋಟೋ ಕಳಿಸಿದಾರೆ. ನಾವೇನು ಕಳ್ಳರಾ? ಅದೂ ಅಲ್ದೆ ಗೇಟಲ್ಲಿ ಸೆಕ್ಯುರಿಟೀನೇ ಇಲ್ಲ!” ಎಂದರು. ಹಲಗೆಯ ಬಗ್ಗೆ ವಾದಿಸಲು ನಾನು ಸಿದ್ಧಳಿದ್ದೆ, ಆದರೆ ಸೆಕ್ಯುರಿಟಿ ಇಲ್ಲ ಎಂಬುದು ನನಗೆ ಹೊಸದು. ಅವಳು ಕುರ್ಚಿ ಬಿಟ್ಟು ಕದಲುವವಳಲ್ಲ. ಚಪ್ಪಲಿ ಮೆಟ್ಟಿ ಹೊರಟೆ.

ಅವಳು ಪಂಪ್‌ಹೌಸಿನ ಹಿಂದೆ, ತನಗೆ ಸಿಗಬೇಕಿದ್ದ ಕೋಣೆಯ ಮೆಟ್ಟಿಲ ಮೇಲೆ ಕೂತಿದ್ದಳು. ನೀಲಿ ಶರ್ಟನ್ನು ಬಿಚ್ಚಿ ಮಡಿಸಿ ಪಕ್ಕದಲ್ಲಿಟ್ಟಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ದಿನದಂತೆಯೇ.

“ನಂಗ್ ಮದ್ಲೇ ಯೋಳ್ಬೋದಿತ್ತು ಮಿಸ್. ನಾನೇ ವೋಗ್ಬುಡ್ತಿದ್ದೆ. ಬೋರ್ಡ್ ಮೇಲ್ಯಾಕ್ ಬರುದ್ರಿ?” ಎಂದಳು.

ಏನಾಯಿತೆಂದು ನಾನೇ ಕೇಳಿ ತಿಳಿದುಕೊಳ್ಳಬೇಕಾಯಿತು. ಹಿಂದಿನ ದಿನ ಬಂದು ಹೋದದ್ದು ಅವಳ ತಮ್ಮ. ಒಂದು ಚೀಲ ಕಡಲೆಕಾಯಿ ಕೊಟ್ಟು ಹೋಗಲು ಬಂದವನನ್ನೂ ಅವಳು ನಿಯಮದ ಪ್ರಕಾರ ರಿಜಿಸ್ಟರಿನಲ್ಲಿ ಬರೆಸಿದ್ದಳು. ಅವನು ಇದ್ದದ್ದನ್ನು ಇದ್ದಂತೆ ಬರೆದಿದ್ದ. ಅದು ಅವಳ ಊರು. ಮೇಟಗಳ್ಳಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ಒಂದು ತಿಂಗಳು ಕೆಲಸ ಮಾಡಿದ್ದಳಂತೆ, ಆಧಾರ್ ನೋಡಿದ ದಿನ ನಾಳೆಯಿಂದ ಬೇಡ ಎಂದರಂತೆ. ಆಮೇಲೊಂದು ಬಟ್ಟೆ ಅಂಗಡಿಯಲ್ಲಿ ಮ್ಯಾನೇಜರು ಕಾರ್ಡನ್ನು ಎತ್ತಿ ಹಿಡಿದು ಎಲ್ಲರಿಗೂ ಓದಿ ಹೇಳಿದನಂತೆ. “ಕಳ್ರ ಕೊಪ್ಲೋಳ್ನ ಕಾವ್ಲಿಗಿಡ್ತಾರಾ ಅಂತ ಒಟ್ಟೆ ಇಡ್ಕಂಡ್ ನಕ್ರು ಮಿಸ್. ಆ ಕಳ್ರು ಯಾರು, ಯಾವಾಗಿದ್ರು ಅಂತ ನಮ್ಗೂ ಗೊತ್ತಿಲ್ಲ. ಸಿಕ್ಕುದ್ರೆ ನಾವೇ ಇಡ್ದು ಬಾರುಸ್ತಿದ್ವು” ಎಂದಳು.

ಅವಳು ಅಳುತ್ತಿರಲಿಲ್ಲ. ಅಳು ಬಂದದ್ದು ನನಗೆ. ಲೋಕದ ಮೇಲೆ ಸಿಟ್ಟು ಮಾಡಿಕೊಂಡು ತಿರುಗುವ ನಾನು, ಬಟ್ಟೆ ಅಂಗಡಿಯ ಆ ಮ್ಯಾನೇಜರು ಮಾಡಿದ್ದನ್ನೇ ಸೀಮೆಸುಣ್ಣದಲ್ಲಿ ಮಾಡಿದ್ದೆ, ಅದೂ ದುಂಡಗೆ. ತಪ್ಪಾಯಿತು ಕಣಮ್ಮ ಎಂದೆ. ಓಡಿಹೋಗಿ ಹಲಗೆಯನ್ನು ಸೆರಗಿನಿಂದಲೇ ಒರೆಸಿ ಬಂದೆ. ಶರ್ಟು ಹಾಕಿಕೊ, ಗೇಟಿಗೆ ನಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದೆ. ಏನು ನೋಡಿಕೊಳ್ಳುತ್ತೇನೆ ಎಂಬುದು ನನಗೂ ಗೊತ್ತಿರಲಿಲ್ಲ.

ಆ ಭಾನುವಾರ ಪಾರ್ಕಿನಲ್ಲಿ, ಇನ್ನೂ ಬಾರದ ಹುಲ್ಲಿನ ಮೇಲೆ ಕುರ್ಚಿ ಹಾಕಿ ಸಭೆ ಸೇರಿತು. ಬಚ್ಚಿಡುವುದು ಬೇಡ ಎಂದು ನಾನೇ ಅವಳಿಗೆ ಹೇಳಿ ಆಧಾರ್ ತರಿಸಿದ್ದೆ. ಅಧ್ಯಕ್ಷರು ಜೆರಾಕ್ಸನ್ನು ಎರಡು ಸಲ ಓದಿದರು. ಪಕ್ಕದವರಿಗೆ ಕೊಟ್ಟರು. ಅದು ಕೈಯಿಂದ ಕೈಗೆ ಹೋಗುತ್ತಾ, ಹೋದ ಕಡೆಯೆಲ್ಲ ಒಂದು ಕೆಮ್ಮು ಕೇಳಿಸುತ್ತಾ ಕೊನೆಯ ಸಾಲು ತಲುಪಿತು. ಕೊನೆಯ ಸಾಲಿನವರು ಕೆಮ್ಮುವ ಕಷ್ಟ ತೆಗೆದುಕೊಳ್ಳದೆ ನಕ್ಕೇಬಿಟ್ಟರು. ಅವಳು ತಂತಿಬೇಲಿಯ ಹತ್ತಿರ ನಿಂತು ಇದನ್ನೆಲ್ಲ ನೋಡುತ್ತಿದ್ದಳು.

“ನನಗೆ ವೈಯಕ್ತಿಕವಾಗಿ ಏನೂ ಇಲ್ಲ. ಆದ್ರೆ ನಾಳೆ ಒಂದು ಚಪ್ಪಲಿ ಕಳುವಾದ್ರೂ ಜನ ನನ್ನ ಕೇಳ್ತಾರೆ, ಗೊತ್ತಿದ್ದೂ ಇಟ್ಕೊಂಡ್ರಾ ಅಂತ” ಎಂದರು ಅಧ್ಯಕ್ಷರು.

ನನಗೆ ಸಿಟ್ಟು ನೆತ್ತಿಗೇರಿತು. “ನರಕ ಅನ್ನೋ ಊರಿನ ಸ್ಟೇಷನ್ ಮಾಸ್ಟ್ರು ಯಮ ಆಗಿರ್ಬೇಕಾ ಸಾರ್? ಜಿಪುಣ ಅನ್ನೋ ಊರಲ್ಲಿ ಯಾರೂ ದಾನ ಮಾಡಲ್ವಾ? ಒಂಟಿಕೊಪ್ಪಲಲ್ಲಿ ಯಾರಾದ್ರೂ ಒಂಟಿಯಾಗಿದ್ದದ್ದು ನೋಡಿದೀರಾ? ಅಲ್ಲಿ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ!” ಎಂದು ಕೂಗಾಡಿದೆ. ಎಲ್ಲರೂ ಖುಷಿಯಿಂದ ಕೇಳಿದರು, ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ನಂತರ, ಮೂರು ತಿಂಗಳು ಮುಗಿದ ದಿನಕ್ಕೆ ಅವಳನ್ನು ಬಿಡಿಸಿ ಬೇರೆಯವರನ್ನು ನೋಡುವುದು ಎಂದು ತೀರ್ಮಾನವಾಯಿತು. ವಿಳಾಸವನ್ನು ಈ ಬಡಾವಣೆಗೆ ಬದಲಾಯಿಸಿಕೊಂಡರೆ ಮಾತ್ರ ಮತ್ತೆ ಯೋಚಿಸಬಹುದು ಎಂದು ಕಾರ್ಯದರ್ಶಿ ಉದಾರವಾಗಿ ಸೂಚಿಸಿದರು. ಯಾವ ಹೆಸರಿನ ಬಡಾವಣೆಗೆ ಎಂದು ನಾನು ಕೇಳಿದೆ.

ಆಮೇಲಿನ ದಿನಗಳು ಕೆಟ್ಟದಾಗಿದ್ದವು. ನಾನು ಹಲಗೆಯ ಮೇಲೆ ಏನನ್ನೂ ಬರೆಯಲಿಲ್ಲ. ಅವಳೂ ಯಾವೂರು ಎಂದು ಕೇಳಲಿಲ್ಲ. ಡ್ಯೂಟಿ ಮಾತ್ರ ಎಂದಿನಂತೆಯೇ ಮಾಡುತ್ತಿದ್ದಳು. ಅದನ್ನು ನೋಡಿದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು. ಅವಳು ಒಂದು ಸಲ, ಮಗಳಿಗೆ ಕೋಣೆಯ ಆಸೆ ಹುಟ್ಟಿಸಿಬಿಟ್ಟೆ, ಅದೊಂದು ತಪ್ಪು ಮಾಡಿಬಿಟ್ಟೆ ಎಂದಳು.

ಅವಳ ಅವಧಿ ಮುಗಿಯಲು ಎಂಟು ದಿನ ಇತ್ತು. ಬೆಳಿಗ್ಗೆ ಒಂದು ಸಣ್ಣ ಟೆಂಪೋ ಬಂತು. ಅದರಿಂದ ಇಬ್ಬರು ಇಳಿದು ಡ್ರಿಲ್ ಹಿಡಿದು ಮನೆಮನೆಯ ಕಾಂಪೌಂಡಿಗೆ ನೀಲಿ ಬಣ್ಣದ ನಂಬರ್ ಪ್ಲೇಟ್ ಹೊಡೆಯತೊಡಗಿದರು. ನಾನು ಕಾಫಿ ಲೋಟ ಹಿಡಿದುಕೊಂಡೇ ಹೋಗಿ ನಮ್ಮ ಪ್ಲೇಟನ್ನು ಓದಿದೆ. ಮನೆ ನಂಬರ್ ಸರಿಯಾಗಿತ್ತು. ಕ್ರಾಸ್ ಸರಿಯಾಗಿತ್ತು. ಅದರ ಕೆಳಗೆ ಬಿಳಿಯ, ಅಳಿಸಲಾಗದ ಅಕ್ಷರದಲ್ಲಿ ‘ಕಳ್ಳರಕೊಪ್ಪಲು ಬಡಾವಣೆ’ ಎಂದಿತ್ತು.

ನಡೆದದ್ದು ಇಷ್ಟು. ನಾನು ಆ ಹೆಸರು ಬರೆದ ಬೆಳಿಗ್ಗೆಯೇ ಮನೆ ನಂಬರ್ ಗುರುತಿಸಲು ಪಂಚಾಯಿತಿಯವರು ಕಳಿಸಿದ ಇಬ್ಬರು ಹೆಣ್ಣುಮಕ್ಕಳು ಟ್ಯಾಬ್ ಹಿಡಿದು ಬಂದಿದ್ದರು. ಇದು ಆ ಊರಲ್ಲ ಎಂದು ಹೇಳಬೇಕಿದ್ದವಳು ಪಂಪ್‌ಹೌಸಿನ ಹಿಂದೆ ಕೂತಿದ್ದಳು. ಅವರು ಕಂಬದ ಮೇಲಿದ್ದದ್ದನ್ನು ಓದಿ, ಬರೆದುಕೊಂಡು, ಸಾಕ್ಷಿಗೆ ಫೋಟೋ ತೆಗೆದು ಒಳಗೆ ಬಂದಿದ್ದರು. ಸಂಘದ ಪರವಾಗಿ ಒಪ್ಪಿಗೆ ಕೊಟ್ಟು ಟ್ಯಾಬಿನ ಮೇಲೆ ಬೆರಳಿನಿಂದ ಸಹಿ ಮಾಡಿದ್ದು ಅಧ್ಯಕ್ಷರು. ಕಾಗದವಾಗಿದ್ದರೆ ಎರಡು ಸಲ ಓದುತ್ತಿದ್ದರು, ಗಾಜಿನ ಮೇಲಿನದ್ದು ಕಾಗದವೆಂದು ಅವರಿಗೆ ಅನ್ನಿಸಿರಲಿಲ್ಲ. ಹೆಣ್ಣುಮಕ್ಕಳಿಗೆ ಕಾಫಿ ಕೊಟ್ಟು ಕಳಿಸಿದ್ದರು.

ಮಧ್ಯಾಹ್ನದೊಳಗೆ ಬಡಾವಣೆ ಬೀದಿಗೆ ಬಂದಿತ್ತು. ಅಧ್ಯಕ್ಷರು ಸಂಬಂಧಪಟ್ಟ ಕಚೇರಿಗೆ ಹೋಗಿ ಬಂದರು. ಹೆಸರು ಬದಲಾಯಿಸಬಹುದಂತೆ. ಆದರೆ ಹೊಸ ಹೆಸರನ್ನು ಎಲ್ಲ ನಿವಾಸಿಗಳೂ ಒಪ್ಪಿದ ಠರಾವು ಬೇಕಂತೆ, ಒಬ್ಬರ ತಕರಾರೂ ಇರಬಾರದಂತೆ. ಅಂದು ಸಂಜೆಯೇ ತುರ್ತು ಸಭೆ ನಡೆಯಿತು. ದೇವರ ಗುಂಪು, ಸ್ವಾಮಿಗಳ ಗುಂಪು, ಹೂವಿನ ಎರಡು ಹೋಳು, ನಾಲ್ಕೂ ಕಡೆಯವರು ಕಳ್ಳರಕೊಪ್ಪಲಿನಲ್ಲಿ ಇರಲು ಸಿದ್ಧರಿದ್ದರೇ ಹೊರತು ಇನ್ನೊಬ್ಬರ ಹೆಸರಿಗೆ ಒಪ್ಪಲು ಸಿದ್ಧರಿರಲಿಲ್ಲ. ಅವತ್ತು ಉಪ್ಪಿಟ್ಟನ್ನೂ ಯಾರೂ ಸರಿಯಾಗಿ ತಿನ್ನಲಿಲ್ಲ.

ಮರುದಿನದಿಂದ ಅನುಭವ ಶುರುವಾಯಿತು. ಗ್ಯಾಸ್ ಬುಕ್ ಮಾಡಿದವರಿಂದ ಆ ಕಡೆಯ ಹುಡುಗಿ ವಿಳಾಸವನ್ನು ಮೂರು ಸಲ ಹೇಳಿಸಿದಳು, ಹಿಂದೆ ಇನ್ನೂ ನಾಲ್ಕು ಜನ ನಗುವುದು ಕೇಳಿಸುತ್ತಿತ್ತು. ಅಧ್ಯಕ್ಷರ ಹಳೆಯ ಸಹೋದ್ಯೋಗಿಯೊಬ್ಬರು, “ಬ್ಯಾಂಕಲ್ಲಿದ್ದಾಗ ಗೊತ್ತೇ ಆಗ್ಲಿಲ್ಲವಲ್ಲೋ” ಎಂದು ಫೋನ್ ಮಾಡಿ ಇಟ್ಟರಂತೆ. ಗಂಡು ನೋಡುತ್ತಿದ್ದ ಒಂದು ಮನೆಯವರು ಪ್ಲೇಟಿನ ಮೇಲೆ ಮಾವಿನ ತೋರಣ ಇಳಿಬಿಟ್ಟರು. ಅಧ್ಯಕ್ಷರು ತಮ್ಮದರ ಮೇಲೆ ಕ್ಯಾಲೆಂಡರ್ ತೂಗುಹಾಕಿದರು. ಕಾಂಪೌಂಡಿನ ಹೊರಗೆ ಕ್ಯಾಲೆಂಡರ್ ಇರುವ ಏಕೈಕ ಮನೆ ಮೈಸೂರಿನಲ್ಲಿ ಅದೇ ಇರಬೇಕು. ಬೀದಿಯಲ್ಲಿ ಹೋಗುವವರು ನಿಂತು ಅದರಲ್ಲಿ ಏಕಾದಶಿ ನೋಡಿಕೊಂಡು ಹೋಗುತ್ತಿದ್ದರು.

ಮೂರನೆಯ ದಿನ ಒಂದು ವಿಚಿತ್ರ ನೋಡಿದೆ. ಸಂಜೆ ಗೇಟಿನಲ್ಲಿ ಅವಳ ಕುರ್ಚಿಯ ಸುತ್ತ ಏಳೆಂಟು ಜನ ನಿಂತಿದ್ದರು. ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕೂತು ನಕ್ಕವರೂ ಇದ್ದರು. ಇಷ್ಟು ವರ್ಷ ನೀನು ಹೇಗಮ್ಮ ನಿಭಾಯಿಸಿದೆ ಎಂದು ಕೇಳುತ್ತಿದ್ದರು. ಅವಳು ನಾನು ಅಮೆರಿಕದ ಊರು ಹೇಳಿಕೊಡುತ್ತಿದ್ದಷ್ಟೇ ಗಂಭೀರವಾಗಿ ಪಾಠ ಮಾಡುತ್ತಿದ್ದಳು.

“ಆಪೀಸಲ್ ಕೇಳುದ್ರೆ ಬಾಯಲ್ ಯೋಳ್ಬೇಡಿ ಸಾರ್, ಚೀಟೀಲಿ ಬರ್ದು ಕೊಡಿ. ಮದ್ವೆ ಮಾತಾದ್ರೆ ಮದ್ಲು ಪಕ್ಕದೂರ್ ಎಸ್ರು ಯೋಳಿ, ಊಟ ಆದ್ಮೇಲೆ ನಿಜ ಯೋಳಿ. ಯಾರಾರಾ ನಕ್ರೆ ಒಂದ್ಸಲ ನಗ್ಲಿ, ಸುಮ್ನಿರಿ. ಅವ್ರ್ ಜತೆ ನೀವೂ ನಗ್ಬೇಡಿ. ನೀವ್ ನಕ್ಬುಟ್ರೆ ಅವ್ರು ದಿನಾ ನಗ್ತರೆ.”

ಕೊನೆಯ ಮಾತಿಗೆ ಎಲ್ಲರೂ ತಲೆ ತಗ್ಗಿಸಿದರು. ಅಧ್ಯಕ್ಷರು ಗುಂಪಿನ ಹಿಂದೆ ನಿಂತಿದ್ದರು. ಕೈಯಲ್ಲಿ ಸಣ್ಣ ಪುಸ್ತಕವಿತ್ತು, ಬರೆದುಕೊಂಡರೋ ಇಲ್ಲವೋ ನನಗೆ ಕಾಣಿಸಲಿಲ್ಲ.

ಅವಧಿ ಮುಗಿಯುವ ಹಿಂದಿನ ದಿನ ಅಧ್ಯಕ್ಷರು ಅವಳನ್ನೂ ನನ್ನನ್ನೂ ಮನೆಗೆ ಕರೆದರು. ಜಗಲಿಯ ಮೇಜಿನ ಮೇಲೆ ಖಾಯಂ ನೇಮಕದ ಫಾರಂ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ಕೈ ಎತ್ತಿದರು. “ಕಮಿಟಿಯವರನ್ನೆಲ್ಲ ಕೇಳಿದೀನಿ ಮಿಸ್. ಯಾರದ್ದೂ ತಕರಾರಿಲ್ಲ. ತಕರಾರು ಮಾಡೋಕೆ ಯಾರಿಗೆ ಮುಖ ಇದೆ?” ಎಂದರು. ಆಮೇಲೆ ಅವಳ ಕಡೆ ತಿರುಗಿ, ಮೆಲ್ಲಗೆ, ನಿಜವಾದ ಕರುಣೆಯಿಂದಲೇ ಹೇಳಿದರು: “ಖಾಯಂ ವಿಳಾಸ ಅನ್ನೋ ಕಡೆ ಬೋಗಾದಿ ಅಂತ ಬರೀರಮ್ಮ, ಸಾಕು. ಊರ ಹೆಸರು ಬೇಡ. ನಾಳೆ ಈ ಫೈಲು ಬೇರೆ ಯಾರ ಕೈಗಾದ್ರೂ ಹೋದ್ರೆ ಮತ್ತೆ ರಗಳೆ.”

ಅವಳು ಪೆನ್ನು ಹಿಡಿದು ಫಾರಂ ಹತ್ತಿರಕ್ಕೆ ಎಳೆದುಕೊಂಡಳು. ಬೋಗಾದಿ ಎಂದು ಬರೆದರೆ ಕೋಣೆಯ ಬೀಗದಕೈ ಮೇಜಿನ ಮೇಲೇ ಇತ್ತು. ಬರೆಯಮ್ಮ, ಬರೆದುಬಿಡು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ನನಗೆ ಅಷ್ಟೇ ಧೈರ್ಯ.

“ನಮ್ಮೂರಲ್ ನಮ್ಮವ್ವ ಅವ್ಳೆ ಸಾರ್” ಎಂದಳು. ಬಗ್ಗಿ, ಒತ್ತಿ ಒತ್ತಿ, ಒಂದೊಂದೇ ಅಕ್ಷರವಾಗಿ ಕಳ್ಳರಕೊಪ್ಪಲು ಎಂದು ಬರೆದಳು. ಫಾರಂ ತಿರುಗಿಸಿ ಅಧ್ಯಕ್ಷರ ಕಡೆ ಸರಿಸಿದಳು. ಪೆನ್ನನ್ನು ಮಾತ್ರ ಕೆಳಗಿಡಲಿಲ್ಲ.

ಅಧ್ಯಕ್ಷರು ಅದನ್ನು ಒಂದು ಸಲ ಓದಿದರು. ಎರಡನೇ ಸಲ ಓದಿದರು. ಜೇಬಿನಿಂದ ತಮ್ಮ ಪೆನ್ನು ತೆಗೆದು ಸಹಿ ಮಾಡಿದರು. ಬೀಗದಕೈಯನ್ನು ಅವಳ ಮುಂದಿಟ್ಟು ಒಳಗೆ ಹೋಗಿ ಕಾಫಿಗೆ ಹೇಳಿದರು.

ಫಾರಂನ ಕೊನೆಯಲ್ಲಿ ಸಾಕ್ಷಿಯ ಸಹಿಗೆ ಜಾಗವಿತ್ತು, ಅದರ ಕೆಳಗೆ ಸಾಕ್ಷಿಯ ವಿಳಾಸಕ್ಕೆ ಎರಡು ಗೆರೆ. ಅವಳು ಅದನ್ನು ನನ್ನ ಕಡೆ ತಳ್ಳಿದಳು. ನಾನು ಸಹಿ ಮಾಡಿದೆ. ಮನೆ ನಂಬರ್ ಬರೆದೆ, ಕ್ರಾಸ್ ಬರೆದೆ. ಆಮೇಲೆ, ಯಾರೂ ನಗದ ಆ ಜಗಲಿಯಲ್ಲಿ, ನನಗೆ ಗೊತ್ತಿರುವ ಅತ್ಯಂತ ಒಳ್ಳೆಯ ಅಕ್ಷರದಲ್ಲಿ ಕಳ್ಳರಕೊಪ್ಪಲು ಎಂದು ಬರೆದೆ. ಅವಳು ಬಗ್ಗಿ, ಬೆರಳಿಟ್ಟು ಓದಿದಳು.

“ನೀವೂ ನಮ್ಮೂರೋರೇ ಆಗ್ಬುಟ್ರಿ ಮಿಸ್” ಎಂದಳು. ಹೌದು ಕಣಮ್ಮ ಎಂದೆ.